ಮೊದಲು ಬಾಡಿಗೆದಾರ, ಆಮೇಲೆ ಮನೆ

ಪುಣೆಯಲ್ಲಿ ಹತ್ತು ಹದಿನೈದು ವರ್ಷ ಕಳೆದ ಕನ್ನಡಿಗರ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಇರುವುದಕ್ಕೊಂದು ಮನೆ ಆಯಿತು, ಬಾಡಿಗೆಗೆಂದು ಇನ್ನೊಂದು ಕೊಂಡುಬಿಡೋಣ.’ ಊರಿನ ಹೊಲ ಮಾರಿದ ದುಡ್ಡೋ ನಿವೃತ್ತಿಯ ಗಂಟೋ ಕೈಯಲ್ಲಿರುತ್ತದೆ. ಭಾನುವಾರ ಬೆಳಿಗ್ಗೆ ಬಿಲ್ಡರನ ಮಾದರಿ ಫ್ಲ್ಯಾಟ್ ನೋಡಿ, ಈಜುಕೊಳಕ್ಕೆ ಮರುಳಾಗಿ, ಸಂಜೆಯೊಳಗೆ ಟೋಕನ್ ಕೊಟ್ಟು ಬರುತ್ತಾರೆ. ನಾನೂ ಹಾಗೆ ಕೊಟ್ಟು ಬಂದವನೇ. ಪುನಾವಳೆ ಕಡೆಯ ಆ ಫ್ಲ್ಯಾಟಿನಲ್ಲಿ ಎರಡು ವರ್ಷಕ್ಕೆ ಮೂರು ಸಂಸಾರಗಳು ಬಂದು ಹೋದವು. ಈಜುಕೊಳದ ಬಗ್ಗೆ ಯಾರದೂ ತಕರಾರಿರಲಿಲ್ಲ. ಅಡುಗೆಮನೆಯ ನಲ್ಲಿಯಲ್ಲಿ ನೀರಿರಲಿಲ್ಲ. ಟ್ಯಾಂಕರ್ ಖರ್ಚು ಮೇಂಟೆನೆನ್ಸ್‌ಗೆ ಸೇರುತ್ತ ಹೋಯಿತು, ಬಾಡಿಗೆ ಇಳಿಯುತ್ತ ಬಂತು.

ಆದ್ದರಿಂದ ಮನೆ ಹುಡುಕುವ ಮೊದಲು ಅಲ್ಲಿ ಯಾರು ಇರುತ್ತಾರೆ ಎಂಬುದನ್ನು ಹುಡುಕಿ.

ಹಿಂಜವಡಿಯ ಐಟಿ ಪಾರ್ಕಿಗೆ ಹೋಗುವವರು ವಾಕಡ್, ಬಾಣೇರ್, ಬಾಲೇವಾಡಿ ಕಡೆ ನೋಡುತ್ತಾರೆ. ವಿಮಾನ ನಗರ ಮತ್ತು ಧನಕವಡಿಯಲ್ಲಿ ವಿದ್ಯಾರ್ಥಿಗಳು ಹೆಚ್ಚು. ಜೂನ್–ಜುಲೈನಲ್ಲಿ ಬೇಡಿಕೆ ಏರುತ್ತದೆ, ಪರೀಕ್ಷೆ ಮುಗಿದೊಡನೆ ಮನೆ ಖಾಲಿ. ಕೊಥರೂಡ, ಕರ್ವೆ ನಗರದಂಥ ಹಳೆಯ ಬಡಾವಣೆಗಳಲ್ಲಿ ಸಂಸಾರಸ್ಥರು ಸಿಗುತ್ತಾರೆ. ಮಕ್ಕಳ ಶಾಲೆ ಹತ್ತಿರವಿದ್ದರೆ ವರ್ಷಗಟ್ಟಲೆ ಕದಲುವುದಿಲ್ಲ. ನನ್ನ ಮತ ಇವರಿಗೇ. ಅವಿವಾಹಿತರಿಗೆ ಕೊಡುವ ಯೋಚನೆಯಿದ್ದರೆ ಸೊಸೈಟಿಯ ಕಾರ್ಯದರ್ಶಿಯನ್ನು ಮೊದಲೇ ಕೇಳಿ. ಮನೆ ಕೊಂಡ ಮೇಲೆ ಆ ಜಗಳ ಬೇಡ.

ಬಡಾವಣೆ ಗೊತ್ತಾದ ಮೇಲೆ ನಿಜವಾದ ಬಾಡಿಗೆ ತಿಳಿಯಬೇಕು. ಜಾಹೀರಾತಿನಲ್ಲಿರುವುದು ಮಾಲೀಕನ ಆಸೆ. ನಾನು ಒಂದು ಉಪಾಯ ಮಾಡುತ್ತೇನೆ: ಒಬ್ಬ ಏಜೆಂಟರಿಗೆ ಬಾಡಿಗೆದಾರನಂತೆ ಫೋನ್ ಮಾಡಿ ದರ ಕೇಳುತ್ತೇನೆ, ಇನ್ನೊಬ್ಬರಿಗೆ ಅದೇ ಸೊಸೈಟಿಯಲ್ಲಿ ಫ್ಲ್ಯಾಟ್ ಇರುವವನಂತೆ ಮಾಡಿ ಎಷ್ಟು ಬಂದೀತು ಎಂದು ಕೇಳುತ್ತೇನೆ. ಎರಡನೆಯ ಉತ್ತರ ಯಾವಾಗಲೂ ಕಡಿಮೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಅದನ್ನೇ. ಬಳಿಕ ವಾಚ್‌ಮನ್ ಬಳಿ ಐದು ನಿಮಿಷ ನಿಂತು ಮಾತನಾಡಿ: ಎಷ್ಟು ಫ್ಲ್ಯಾಟ್ ಖಾಲಿ ಇವೆ, ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ. ಸಾಧ್ಯವಾದರೆ ಏಪ್ರಿಲ್–ಮೇನಲ್ಲಿ ಹೋಗಿ. ಮಳೆಗಾಲದ ಪುಣೆಯಲ್ಲಿ ನೀರಿನ ಪ್ರಶ್ನೆ ಯಾರಿಗೂ ನೆನಪಿಗೆ ಬರುವುದಿಲ್ಲ.

ಈಗ ಲೆಕ್ಕ. ಅರವತ್ತು ಲಕ್ಷದ ಒನ್ ಬಿಎಚ್‌ಕೆ, ತಿಂಗಳಿಗೆ 18,000 ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,16,000, ಶೇ 3.6 ಎಂದು ಏಜೆಂಟ್ ಬೆನ್ನು ತಟ್ಟುತ್ತಾರೆ. ಆದರೆ ನಿಮ್ಮ ಜೇಬಿನಿಂದ ಹೋಗುವುದು ಅರವತ್ತು ಲಕ್ಷ ಮಾತ್ರವಲ್ಲ. ಪುಣೆ ನಗರದಲ್ಲಿ ಮೆಟ್ರೊ ಸೆಸ್ ಸೇರಿ ಮುದ್ರಾಂಕ ಶುಲ್ಕ ಶೇ 7, ಅಂದರೆ 4,20,000. (ಮನೆ ಹೆಂಗಸರ ಹೆಸರಿನಲ್ಲಿದ್ದರೆ ಶೇ 1 ಕಡಿಮೆ, ಅರವತ್ತು ಸಾವಿರ ಉಳಿಯುವಾಗ ಯಜಮಾನಿಕೆಯ ಚರ್ಚೆ ಏಕೆ?) ನೋಂದಣಿಗೆ 30,000, ದಲ್ಲಾಳಿಗೆ ಶೇ 1ರಂತೆ 60,000, ಬಣ್ಣ–ದುರಸ್ತಿಗೆ ಒಂದೂವರೆ ಲಕ್ಷ. ಒಟ್ಟು 66,60,000.

ಬಾಡಿಗೆಯಲ್ಲೂ ಕಳೆಯುವುದಿದೆ. ಮೇಂಟೆನೆನ್ಸ್ 30,000. ಮಾಲೀಕ ತಾನೇ ವಾಸಿಸದಿದ್ದರೆ ಸೊಸೈಟಿ ಪ್ರತ್ಯೇಕ ಶುಲ್ಕ ಹಾಕುತ್ತದೆ. ಅದು ಸೇವಾ ಶುಲ್ಕದ ಶೇ 10 ಮೀರುವಂತಿಲ್ಲ ಎಂಬ ಸರ್ಕಾರಿ ಆದೇಶ 2001ರಿಂದಲೇ ಇದೆ, ಹೆಚ್ಚು ಕೇಳಿದರೆ ತೋರಿಸಿ. ಇದಕ್ಕೆ 2,000 ಹಿಡಿಯೋಣ. ಆಸ್ತಿ ತೆರಿಗೆ 9,000. ಸ್ವಂತ ವಾಸಕ್ಕೆ ಪುಣೆ ಪಾಲಿಕೆ ಕೊಡುವ ಶೇ 40ರ ರಿಯಾಯಿತಿ ಬಾಡಿಗೆ ಮನೆಗೆ ಸಿಗದು. ಒಂದು ತಿಂಗಳು ಖಾಲಿ ಬಿದ್ದರೆ 18,000, ಸಣ್ಣಪುಟ್ಟ ರಿಪೇರಿ 12,000, ಬಾಡಿಗೆದಾರನನ್ನು ತಂದ ಏಜೆಂಟರಿಗೆ 9,000. ಎಂಬತ್ತು ಸಾವಿರ ಹೋಗಿ ಉಳಿದದ್ದು 1,36,000. ಹೂಡಿದ ಹಣಕ್ಕೆ ಶೇ 2ರಷ್ಟು! ಆದಾಯ ತೆರಿಗೆಯ ಮಾತು ಇನ್ನೂ ಬಂದಿಲ್ಲ. ಅಲ್ಲಿ ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದ ಮೇಲೆ ಶೇ 30 ವಿನಾಯಿತಿ ಸಿಗುತ್ತದೆಂಬುದೊಂದು ಸಮಾಧಾನ.

ಸಾಲ ಮಾಡಿ ಕೊಳ್ಳುವವರು ಇನ್ನೊಂದು ಸಾಲು ಬರೆಯಬೇಕು. 45 ಲಕ್ಷ, ಶೇ 8.5 ಬಡ್ಡಿ, 20 ವರ್ಷವೆಂದರೆ ಕಂತು ಸುಮಾರು 39,000. ಬಾಡಿಗೆ 18,000. ಉಳಿದ 21,000 ಪ್ರತಿ ತಿಂಗಳೂ ನಿಮ್ಮ ಸಂಬಳದಿಂದ ಹೋಗುತ್ತದೆ. ‘ಬಾಡಿಗೆಯೇ ಕಂತು ಕಟ್ಟುತ್ತದೆ’ ಎನ್ನುವವರಿಂದ ಈ ಲೆಕ್ಕವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮನೆಯ ಬೆಲೆ ಏರುತ್ತದಲ್ಲ ಎನ್ನುತ್ತಾರೆ. ಏರಬಹುದು, ಆದರೆ ಅದನ್ನು ಬಾಡಿಗೆ ಆದಾಯವೆಂದು ಕರೆಯಬೇಡಿ.

ಕಾಗದಪತ್ರಗಳಲ್ಲಿ ಮೂರು ಮುಖ್ಯ. ಒಂದು, ಭೋಗವಟಾ ಪತ್ರ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ಒಸಿ ಇದೆಯೇ? ಪಾಲಿಕೆಗೆ ಹೊಸದಾಗಿ ಸೇರಿದ ಹಳ್ಳಿಗಳ ಕಟ್ಟಡಗಳಲ್ಲಿ ಇದನ್ನು ಕೇಳಲೇಬೇಕು. ಅಗ್ಗದ ದರದ ಹಿಂದಿನ ಗುಟ್ಟು ಹಲವು ಸಲ ಇಲ್ಲೇ ಸಿಗುತ್ತದೆ. ಎರಡು, ಮಾರುವವನ ಇಂಡೆಕ್ಸ್ ಟು (ನೋಂದಣಿಯಾದ ಕ್ರಯದ ಸಾರಾಂಶ ಪತ್ರ) ಮತ್ತು ಸೊಸೈಟಿಯ ಬಾಕಿ ಇಲ್ಲವೆಂಬ ಪತ್ರ. ಮೂರು, ಅದೇ ಕಟ್ಟಡದ ಬೇರೆ ಫ್ಲ್ಯಾಟುಗಳ ಇಂಡೆಕ್ಸ್ ಟು. ನೋಂದಣಿ ಇಲಾಖೆಯ ಜಾಲತಾಣದಲ್ಲಿ ಹುಡುಕಿದರೆ ಪಕ್ಕದ ಫ್ಲ್ಯಾಟ್ ಯಾವ ಬೆಲೆಗೆ ನೋಂದಣಿಯಾಯಿತು ಎಂಬುದು ಕಾಣುತ್ತದೆ. ಹೊಸ ಯೋಜನೆಯಾದರೆ ಮಹಾರೇರಾ, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣದಲ್ಲಿ ಅದರ ಸಂಖ್ಯೆ ಹಾಕಿ, ಕೆಲಸ ಮುಗಿಯುವ ದಿನಾಂಕ ಎಷ್ಟು ಸಲ ಮುಂದಕ್ಕೆ ಹೋಗಿದೆ ನೋಡಿ.

ಊರಿನ ಪದ್ಧತಿಯನ್ನು ಇಲ್ಲಿಗೆ ತರುವುದು ಬೇಡ. ಬೆಂಗಳೂರಿನಂತೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ಯಾರೂ ಕೊಡುವುದಿಲ್ಲ, ಎರಡು ಮೂರು ತಿಂಗಳ ಡಿಪಾಸಿಟ್ ರೂಢಿ. ಭೋಗ್ಯದ ಮಾತೆತ್ತಿದರೆ ಮುಖ ನೋಡುತ್ತಾರೆ. ಹನ್ನೊಂದು ತಿಂಗಳ ಕರಾರನ್ನೂ ನೋಂದಣಿ ಮಾಡಿಸಲೇಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಆ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದೆ.

ಕೊನೆಗೆ ಬೆಲೆ. ನಿಮಗೆ ಖರ್ಚು ಕಳೆದು ಕನಿಷ್ಠ ಶೇ 3 ಬೇಕೆಂದಿದ್ದರೆ 1,36,000ಕ್ಕೆ ಹೂಡಬಹುದಾದದ್ದು ಎಲ್ಲ ಸೇರಿ 45 ಲಕ್ಷ ಮಾತ್ರ. ಆ ಸಂಖ್ಯೆ ಹೇಳಿದಾಗ ಏಜೆಂಟ್ ನಗುತ್ತಾರೆ. ನನ್ನ ಎದುರೂ ಹತ್ತು ಮನೆಗಳಿಗೆ ನಕ್ಕರು. ಹನ್ನೊಂದನೆಯದರ ಮಾಲೀಕರಿಗೆ ಮಗಳ ಬಳಿ ಹೋಗುವ ಅವಸರವಿತ್ತು, ಅವರು ಚಹಾ ತರಿಸಿದರು. ವಾರ್ಜೆಯ ಹಳೆಯ ಕಟ್ಟಡ, ಮೂರನೆಯ ಮಹಡಿ, ಲಿಫ್ಟ್ ಇಲ್ಲ. ನಾನು ಮೊದಲು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ.