ಹಿತ್ತಾಳೆ ಶೆಲ್ ಕೇಸ್: ಮೊದಲು ತಳ ನೋಡಿ

ಪುಣೆಯ ಜೂನಾ ಬಜಾರ್‌ನಲ್ಲಿ ಹಳೇ ಫಿರಂಗಿಯ ಹಿತ್ತಾಳೆ ಕೇಸ್‌ಗಳು, ಅಂದರೆ ಗುಂಡು ಹಾರಿಸುವ ಮದ್ದು ತುಂಬುತ್ತಿದ್ದ ಕೊಳವೆಗಳು, ಆಗಾಗ ಕಣ್ಣಿಗೆ ಬೀಳುತ್ತವೆ. ಮುಟ್ಟುವ ಮೊದಲೇ ಬಗ್ಗಿ ಬಾಯೊಳಗೆ ನೋಡುತ್ತೇನೆ. ಪೂರ್ತಿ ಖಾಲಿ ಇರಬೇಕು. ಆಮೇಲೆ ತಳದ ನಡುವಿನ ಪ್ರೈಮರ್, ಅಂದರೆ ಪಿನ್ ಬಡಿದಾಗ ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಭಾಗ. ಅದನ್ನು ತೆಗೆದು ಬರೀ ತೂತು ಉಳಿದಿದ್ದರೆ ನಿಶ್ಚಿಂತೆ. ಪಿನ್ ಬಡಿದ ಕುಳಿ ಇದ್ದ ಮಾತ್ರಕ್ಕೆ ನಂಬುವುದಿಲ್ಲ, ಸಿಡಿಯದೆ ಹುಸಿ ಹೋಗಿರಬಹುದು ಅಲ್ವಾ? ಇನ್ನು ಮೂತಿಯಲ್ಲಿ ಗುಂಡು ಕೂತಿದ್ದರೆ ಮಾತೇ ಇಲ್ಲ. ದೂರ ಸರಿದು 112ಕ್ಕೆ ಫೋನ್. ಹಳೇದಾಯಿತು ಅಂತ ಸಿಡಿಮದ್ದು ಸಾಯುವುದಿಲ್ಲ.

ತಳದ ಅಕ್ಷರಗಳೇ ನನಗೆ ಮುಖ್ಯ. ನನ್ನ ಇಷ್ಟದ್ದು 25 ಪೌಂಡರ್, ಎರಡನೇ ಮಹಾಯುದ್ಧದ ಬ್ರಿಟಿಷ್ ತೋಪಿನದು. ಬಾಯಿಗೆ ಸ್ಕೇಲ್ ಇಟ್ಟರೆ ಸುಮಾರು 88 ಮಿಲಿಮೀಟರ್, ಎತ್ತರ 29 ಸೆಂಟಿಮೀಟರ್. ಇದರಲ್ಲಿ ಗುಂಡು ಬೇರೆ, ಕೇಸ್ ಬೇರೆ ತುಂಬುತ್ತಿದ್ದರು. ತಳದಲ್ಲಿ ತೋಪಿನ ಹೆಸರು, ಇಸವಿ, ಲಾಟ್ ನಂಬರ್ ಇರುತ್ತವೆ. ಬಾಣದ ಗುರುತು ಬ್ರಿಟಿಷ್ ಸರ್ಕಾರದ್ದು. ಅದೇ ಬಾಣ ಸಿ ಅಕ್ಷರದ ಒಳಗಿದ್ದರೆ ಕೆನಡಾದ್ದು. ಕೇಸ್‌ಗಳನ್ನು ಮತ್ತೆ ಮತ್ತೆ ತುಂಬಿಸಿ ಬಳಸುತ್ತಿದ್ದರು, ಹಾಗಾಗಿ ಒಂದರ ಮೇಲೊಂದು ಗುರುತು ಬಿದ್ದಿರುತ್ತದೆ. ಓದೋಕೆ ಆಗದಿದ್ದರೆ ಮೊಬೈಲ್ ಟಾರ್ಚ್ ಅನ್ನು ಪಕ್ಕದಿಂದ, ತಳಕ್ಕೆ ಅಡ್ಡಲಾಗಿ ಹಿಡಿಯಿರಿ. ಸವೆದ ಅಕ್ಷರವೂ ನೆರಳಲ್ಲಿ ಎದ್ದು ಕಾಣುತ್ತದೆ.

ಮನೆಗೆ ತಂದ ತಕ್ಷಣ ನಮ್ಮವರು ಹುಣಸೆಹಣ್ಣು ಹಿಡಿದು ಬರುತ್ತಾರೆ. ಬೇಡ ಮಾರಾಯ್ರೇ! ದೇವರ ದೀಪಕ್ಕೆ ಸರಿ, ಇದಕ್ಕಲ್ಲ. ಹುಳಿ ಹಿತ್ತಾಳೆಯ ಸತುವನ್ನು ತಿನ್ನುತ್ತದೆ, ಅಲ್ಲಲ್ಲಿ ಗುಲಾಬಿ ಮಚ್ಚೆ ಉಳಿಯುತ್ತದೆ. ಅಮೋನಿಯಾ ಇರುವ ಪಾಲಿಶ್ ಅಂತೂ ಇನ್ನೂ ಕೆಟ್ಟದ್ದು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಕುದುರೆ ಲಾಯಗಳಲ್ಲಿ ಇಟ್ಟ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಉಚ್ಚೆಯ ಅಮೋನಿಯಾ, ತೇವ, ಜೊತೆಗೆ ಹಿತ್ತಾಳೆಯನ್ನು ಎಳೆದು ಕೇಸ್ ಮಾಡುವಾಗ ಒಳಗೇ ಉಳಿದ ಬಿಗಿತ, ಮೂರೂ ಸೇರಿ ಮಾಡಿದ ಕೆಲಸ ಎಂದು 1921ರಲ್ಲಿ ಗೊತ್ತಾಯಿತು. ಸೀಸನ್ ಕ್ರ್ಯಾಕಿಂಗ್ ಅನ್ನುತ್ತಾರೆ. ಅದಕ್ಕೇ ಮೂತಿಯ ಅಂಚಿನಲ್ಲಿ ಕೂದಲೆಳೆಯಂಥ ಗೀರು ಇದೆಯಾ ಅಂತ ಉಗುರಾಡಿಸಿ ನೋಡುತ್ತೇನೆ.

ನಾನು ಮಾಡೋದು ಇಷ್ಟೇ. ಸೌಮ್ಯ ಸೋಪು, ಡಿಸ್ಟಿಲ್ಡ್ ವಾಟರ್, ಮೆತ್ತನೆ ಬ್ರಷ್. ಹಸಿರು ಕಿಲುಬನ್ನು ಬಿದಿರು ಕಡ್ಡಿಯಿಂದ ಕೆರೆಯುತ್ತೇನೆ, ಉಕ್ಕಿನ ನಾರು ಮುಟ್ಟಿಸುವುದಿಲ್ಲ. ಚೆನ್ನಾಗಿ ಒಣಗಿಸಿ ತೆಳ್ಳಗೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ (ತೇವ ತಾಗದಂತೆ ಕಾಯುವ ಮೇಣ) ಹಚ್ಚುತ್ತೇನೆ. ಕಂದು ಬಣ್ಣ ಹಾಗೇ ಇರಲಿ. ಮಳೆಗಾಲದಲ್ಲಿ ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಹೂದಾನಿ ಮಾಡಿ ಅಂತ ಬಂದವರೆಲ್ಲ ಹೇಳುತ್ತಾರೆ. ಒಳಗೆ ನೀರು ನಿಂತರೆ ಕಿಲುಬು ಗ್ಯಾರಂಟಿ.

ಬಜಾರ್‌ನಲ್ಲಿ ಫಳಫಳ ಹೊಳೆಯೋ ಪೀಸ್‌ಗೆ ಜಾಸ್ತಿ ಬೆಲೆ ಹೇಳುತ್ತಾರೆ. ಬಫ್ ಮಷಿನ್‌ನಲ್ಲಿ ಉಜ್ಜಿ ಹೊಳಪು ಕೊಟ್ಟು ತಳದ ಅಕ್ಷರ ಅರ್ಧ ಅಳಿಸಿರುತ್ತಾರೆ. ನಾನು ಕೇಳೋದು ಪಕ್ಕದಲ್ಲಿ ಕರ್ರಗೆ ಬಿದ್ದಿರೋದನ್ನ. ಅದು ಗುಜರಿ ತೂಕದ ರೇಟಿಗೇ ಸಿಗುತ್ತದೆ.