ದೀಕ್ಷಾಸ್ನಾನಕ್ಕೆ ಸಿದ್ಧರಾಗುವುದು ಹೇಗೆ

ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರವಾದ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ದಿನ ಗೊತ್ತಾದ ಕೂಡಲೇ ಮನೆಯಲ್ಲಿ ಬಿಳಿ ಉಡುಪು, ಊಟ, ಫೋಟೊಗಳ ಮಾತು ಶುರುವಾಗುತ್ತದೆ. ಅವು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಸಿದ್ಧತೆಯನ್ನು ಆರಂಭಿಸಬೇಕಾದದ್ದು ಅಂದು ಸಭೆಯ ಮುಂದೆ ಉತ್ತರಿಸಬೇಕಾದ ಪ್ರಶ್ನೆಗಳಿಂದ. ಸೈತಾನನನ್ನೂ ಅವನ ಕ್ರಿಯೆಗಳನ್ನೂ ತ್ಯಜಿಸುತ್ತೀರಾ, ತಂದೆ, ಮಗ, ಪವಿತ್ರಾತ್ಮರಲ್ಲಿ ನಂಬಿಕೆಯಿಡುತ್ತೀರಾ ಎಂದು ಗುರುಗಳು ಕೇಳುವಾಗ ಪುಸ್ತಕ ನೋಡಿ ಗೊಣಗುವ ಬದಲು, ಆರಾಧನಾ ಕ್ರಮದ ಒಂದು ಪ್ರತಿಯನ್ನು ಕೆಲವು ವಾರ ಮೊದಲೇ ಪಡೆದು ಮನೆಯವರೆಲ್ಲ ಕುಳಿತು ಓದುವುದು ಒಳ್ಳೆಯದು. ಮಗುವಿನ ದೀಕ್ಷಾಸ್ನಾನವಾದರೆ ಈ ಉತ್ತರ ಕೊಡುವವರು ಹೆತ್ತವರು ಮತ್ತು ಜ್ಞಾನಪೋಷಕರು, ಅಂದರೆ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನೆರವಾಗುವ ಗಾಡ್‌ಪೇರೆಂಟ್‌ಗಳು. ಆದ್ದರಿಂದ ಓದಬೇಕಾದವರೂ ಅವರೇ.

ಓದುವಾಗ ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವನ್ನು ಜೊತೆಗಿಟ್ಟುಕೊಳ್ಳಿ. ದೀಕ್ಷಾಸ್ನಾನವೆಂದರೆ ಕೊಳೆ ತೊಳೆದುಕೊಳ್ಳುವುದು ಎಂಬಷ್ಟಕ್ಕೇ ನಿಲ್ಲುವವರಿಗೆ ಪೌಲನ ಮಾತು ಕಠಿಣವಾಗಿ ಕೇಳಿಸಬಹುದು, ಏಕೆಂದರೆ ಅವನು ಅಲ್ಲಿ ಹೇಳುವುದು ಸ್ನಾನವನ್ನಲ್ಲ, ಸಮಾಧಿಯನ್ನು: ಕ್ರಿಸ್ತನೊಂದಿಗೆ ಸತ್ತು ಹೂಳಲ್ಪಟ್ಟವರು ಅವನೊಂದಿಗೆ ಹೊಸ ಜೀವಿತದಲ್ಲಿ ನಡೆಯಬೇಕು ಎಂಬುದು ಅವನ ವಾದ. ದೀಕ್ಷಾಸ್ನಾನಕ್ಕಿರುವ ಮೂಲ ಗ್ರೀಕ್ ಪದಕ್ಕೂ ಮುಳುಗಿಸುವುದೆಂಬ ಅರ್ಥವೇ ಇದೆ. ಪುರಾತನ ಸಭೆಯು ಪಾಸ್ಕ (ಈಸ್ಟರ್) ಹಬ್ಬದ ಜಾಗರಣೆಯ ರಾತ್ರಿಯನ್ನು ದೀಕ್ಷಾಸ್ನಾನಕ್ಕೆ ವಿಶೇಷವಾಗಿ ಆರಿಸಿಕೊಂಡದ್ದರ ಹಿಂದಿರುವುದೂ ಇದೇ ಮರಣ ಮತ್ತು ಪುನರುತ್ಥಾನದ ನಂಟು. ಕಥೋಲಿಕ ಸಭೆಯಲ್ಲಿ ವಯಸ್ಕರಿಗೆ ಇಂದಿಗೂ ಸಾಮಾನ್ಯವಾಗಿ ಅದೇ ರಾತ್ರಿ ದೀಕ್ಷಾಸ್ನಾನ, ದೃಢೀಕರಣ (ನಂಬಿಕೆಯಲ್ಲಿ ಬಲಪಡಿಸುವ ಸಂಸ್ಕಾರ), ಪರಮ ಪ್ರಸಾದ (ಕಮ್ಯೂನಿಯನ್) ಮೂರನ್ನೂ ಕೊಡುತ್ತಾರೆ.

ನೀರು ಎಷ್ಟಿರಬೇಕೆಂಬ ಚರ್ಚೆಯಲ್ಲಿ ಬಹಳ ಹೊತ್ತು ಕಳೆಯಬೇಕಾಗಿಲ್ಲ. ಆದಿ ಸಭೆಯ ಬರಹವಾದ ದಿದಾಖೆಯು ಹರಿಯುವ ನೀರಿನಲ್ಲಿ ಮಾಡಿ ಎನ್ನುತ್ತದೆ, ಅದಿಲ್ಲದಿದ್ದರೆ ಬೇರೆ ನೀರಿನಲ್ಲಿ, ಅದೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ 3 ಸಲ ಸುರಿಯಿರಿ ಎಂದು ಸಮಾಧಾನದಿಂದ ಹೇಳುತ್ತದೆ. ಆದರೆ ದೀಕ್ಷೆ ಪಡೆಯುವವನು ಒಂದೆರಡು ದಿನ ಮೊದಲು ಉಪವಾಸವಿರಬೇಕೆಂಬುದರಲ್ಲಿ ಮಾತ್ರ ಅದು ಸಡಿಲಬಿಡುವುದಿಲ್ಲ. ಮುಳುಗಿಸುವ ಪದ್ಧತಿಯ ಸಭೆಯಾದರೆ ಒದ್ದೆಯಾದರೂ ಮೈಗೆ ಅಂಟದ ದಪ್ಪ ಬಟ್ಟೆ ಮತ್ತು ಬದಲಿ ಉಡುಪನ್ನು ಒಯ್ಯಿರಿ.

ಮೊದಲೇ ದೀಕ್ಷಾಸ್ನಾನವಾಗಿರುವವರು ಬೇರೆ ಸಭೆಗೆ ಸೇರುವಾಗ ಅದನ್ನು ತಿಳಿಸುವುದು ಅಗತ್ಯ. ಎಫೆಸದವರಿಗೆ ಬರೆದ ಪತ್ರಿಕೆಯು ಒಂದೇ ದೀಕ್ಷಾಸ್ನಾನವೆಂದು ಹೇಳುವುದರಿಂದ, ನೀರಿನಿಂದ, ತ್ರಯೇಕ ದೇವರ (ತಂದೆ, ಮಗ, ಪವಿತ್ರಾತ್ಮರ) ಹೆಸರಿನಲ್ಲಿ ನಡೆದದ್ದನ್ನು ಕಥೋಲಿಕರೂ ದಕ್ಷಿಣ ಭಾರತ ಸಭೆಯವರೂ ಮತ್ತೆ ಮಾಡುವುದಿಲ್ಲ. ಬ್ಯಾಪ್ಟಿಸ್ಟ್ ಮತ್ತು ಪೆಂಟೆಕೋಸ್ಟಲ್ ಸಭೆಗಳಲ್ಲಿ ಹೆಚ್ಚಿನವು ಸ್ವಂತ ನಂಬಿಕೆಯನ್ನು ಅರಿಕೆಮಾಡುವ ಮೊದಲು ಆದದ್ದನ್ನು ದೀಕ್ಷಾಸ್ನಾನವೆಂದು ಒಪ್ಪುವುದಿಲ್ಲ. ಈ ಭಿನ್ನಾಭಿಪ್ರಾಯ ಕುಟುಂಬಗಳನ್ನು ನೋಯಿಸುತ್ತದೆ. ದಿನ ಗೊತ್ತುಮಾಡಿದ ಮೇಲೆ ಹಿರಿಯರಿಗೆ ತಿಳಿಸುವುದಕ್ಕಿಂತ ಮೊದಲೇ ಎದುರು ಕುಳಿತು ಮಾತನಾಡುವುದು ಲೇಸು.

ಜ್ಞಾನಪೋಷಕರ ಆಯ್ಕೆಯಲ್ಲಿ ಬಂಧುಗಳ ಮುನಿಸಿಗೆ ಅಂಜಿ ತಪ್ಪುವವರೇ ಹೆಚ್ಚು. ಕಥೋಲಿಕ ನಿಯಮದ ಪ್ರಕಾರ ಒಬ್ಬರು ಸಾಕು, ಇಬ್ಬರಾದರೆ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀ; ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ದೃಢೀಕರಣವಾಗಿರಬೇಕು, ಹೆತ್ತವರು ತಾವೇ ಆ ಸ್ಥಾನದಲ್ಲಿ ನಿಲ್ಲುವಂತಿಲ್ಲ. ವಿದೇಶದಿಂದ ಉಡುಗೊರೆ ಕಳಿಸುವ ಚಿಕ್ಕಪ್ಪನಿಗಿಂತ, ಮಗುವಿಗೆ 10 ವರ್ಷವಾದಾಗ ಅದರ ಪ್ರಶ್ನೆಗಳಿಗೆ ಕಿವಿಗೊಡುವ ನೆರೆಮನೆಯ ಅತ್ತೆಯೇ ಈ ಕೆಲಸಕ್ಕೆ ತಕ್ಕವರು ಎಂಬುದು ನನ್ನ ಅಭಿಪ್ರಾಯ.

ಮಗು ಪ್ರಾಣಾಪಾಯದಲ್ಲಿದ್ದರೆ ಇಷ್ಟೆಲ್ಲ ಸಿದ್ಧತೆಗೆ ಕಾಯಬೇಕಿಲ್ಲ. ಗುರುಗಳು ಸಿಗದಾಗ, ಸಭೆಯ ಉದ್ದೇಶದಂತೆ ಮಾಡಬಯಸುವ ಯಾರೇ ಆದರೂ ತಲೆಯ ಮೇಲೆ ನೀರು ಸುರಿಯುತ್ತ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಬಹುದೆಂದು ಕಥೋಲಿಕ ಸಭೆ ಬೋಧಿಸುತ್ತದೆ. ಆಮೇಲೆ ಗುರುಗಳಿಗೆ ತಿಳಿಸಿ ದಾಖಲಿಸಬೇಕು.

ಎಲ್ಲರಿಗೂ ಉಳಿಯುವ ಕೊನೆಯ ಕೆಲಸ ದಾಖಲೆಯದ್ದೇ. ಚರ್ಚಿನಿಂದ ಹೊರಡುವ ಮೊದಲು ರಿಜಿಸ್ಟರಿನಲ್ಲಿ ಹೆಸರಿನ ಅಕ್ಷರಗಳೂ ಹುಟ್ಟಿದ ದಿನಾಂಕವೂ ಜನನ ಪ್ರಮಾಣಪತ್ರಕ್ಕೆ ಹೊಂದುತ್ತವೆಯೇ ಎಂದು ನೋಡಿಕೊಳ್ಳಿ. ಕಥೋಲಿಕರಲ್ಲಿ ಮುಂದೆ ದೃಢೀಕರಣವನ್ನೂ ಮದುವೆಯನ್ನೂ ಇದೇ ನಮೂದಿನ ಪಕ್ಕದಲ್ಲಿ ಬರೆಯುತ್ತಾರೆ.