ಆರು ತಿಂಗಳ ಅಂತರದ ಎರಡು ಐಓಪಿಎಗಳನ್ನು ಒಂದರ ಮೇಲೊಂದು ಕೂರಿಸಿದ್ದು: ನನ್ನ ಅನುಭವ

ಒಂದೇ ಹಲ್ಲಿನ, ಆರು ತಿಂಗಳ ಅಂತರದಲ್ಲಿ ತೆಗೆದ ಎರಡು ಐಓಪಿಎಗಳಲ್ಲಿ (ಬಾಯೊಳಗೆ ಸೆನ್ಸರ್ ಇಟ್ಟು ಹಲ್ಲನ್ನು ಬೇರಿನ ತುದಿಯವರೆಗೂ ತೋರಿಸುವಂತೆ ತೆಗೆಯುವ ಎಕ್ಸ್-ರೇ ಚಿತ್ರಗಳಲ್ಲಿ) ಒಂದರಿಂದ ಇನ್ನೊಂದನ್ನು ಕಂಪ್ಯೂಟರಿನಲ್ಲಿ ಕಳೆದಾಗ ಬೇರಿನ ತುದಿಯ ಸುತ್ತ ಹೊಸದಾಗಿ ತುಂಬಿಕೊಂಡ ಮೂಳೆ ಮಾತ್ರ ಎದ್ದು ಕಾಣಬೇಕು, ಮಿಕ್ಕದ್ದೆಲ್ಲ ಸಮತಟ್ಟಾದ ಬೂದು ಬಣ್ಣವಾಗಬೇಕು. ಇದು ಪಠ್ಯಪುಸ್ತಕದ ಚಿತ್ರಗಳಲ್ಲಿ ಆಗುವ ಮಾತು, ದಿನಕ್ಕೆ ಹತ್ತಾರು ರೋಗಿಗಳು ಬಂದು ಹೋಗುವ ಎಕ್ಸ್-ರೇ ಕೋಣೆಯಲ್ಲಿ ಆಗುವುದಲ್ಲ ಎಂದು ನಮ್ಮ ವಿಭಾಗದ ಹಿರಿಯರು ಹೇಳುತ್ತಿದ್ದರು. ಹೀಗೆ ಚಿತ್ರ ಕಳೆಯುವ ಸಬ್‌ಟ್ರ್ಯಾಕ್ಷನ್ ಬೇಕಿದ್ದರೆ ಹೊಸ ಸೆನ್ಸರ್ ಮತ್ತು ಅದರ ಜೊತೆಗಿನ ದುಬಾರಿ ತಂತ್ರಾಂಶ ಕೊಳ್ಳದೆ ಗತಿಯಿಲ್ಲ ಎಂಬುದು ಮಾರಾಟಗಾರರ ವಾದವಾಗಿತ್ತು. ಈಗ ಹತ್ತು ಜೋಡಿಗಳಲ್ಲಿ ಏಳೆಂಟು ಜೋಡಿಗಳು ನಮ್ಮಲ್ಲಿ ಪಠ್ಯಪುಸ್ತಕದ ಚಿತ್ರಗಳಂತೆಯೇ ಬರುತ್ತಿವೆ. ಎಕ್ಸ್-ರೇ ಹೊರಬಿಡುವ ಟ್ಯೂಬ್ ಹೆಡ್ ಹಳೆಯದೇ, ಸೆನ್ಸರೂ ಹಳೆಯದೇ. ಪ್ಯಾರಲಲಿಂಗ್ ತಂತ್ರ (ಸೆನ್ಸರನ್ನು ಹಲ್ಲಿಗೆ ಸಮಾನಾಂತರವಾಗಿ ಇಟ್ಟು ಚಿತ್ರ ತೆಗೆಯುವುದು), ಸೆನ್ಸರನ್ನು ಬಾಯೊಳಗೆ ಹಿಡಿದಿಡುವ ಹೋಲ್ಡರ್ ಮತ್ತು ಟ್ಯೂಬಿಗೆ ಗುರಿ ತೋರಿಸುವ ಉಂಗುರ, ಇವುಗಳ ಬಳಕೆಯನ್ನು ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಟ್ಯೂಬಿನ ವೋಲ್ಟೇಜ್ 70 ಕೆವಿ, ಕರೆಂಟ್ 7 ಎಂಎ, ಕೆಳದವಡೆಯ ಹಿಂದಿನ ಹಲ್ಲುಗಳಿಗೆ ಇಷ್ಟು ಸಮಯ, ಮೇಲ್ದವಡೆಗೆ ಇಷ್ಟು ಎಂದು ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿ, ಪ್ರತಿ ಎಕ್ಸ್‌ಪೋಷರನ್ನೂ ರಿಜಿಸ್ಟರಿನಲ್ಲಿ ದಾಖಲಿಸಿದೆವು. ರಿಜಿಸ್ಟರಿನ ಪ್ರಕಾರ ಎಲ್ಲ ಚಿತ್ರಗಳೂ ಒಂದೇ ರೀತಿ ಇರಬೇಕಿತ್ತು, ಆದರೆ ಒಣಗಿದ ದವಡೆ ಮೂಳೆಯೊಂದನ್ನು ಮೇಜಿಗೆ ಬಿಗಿದು ಅದೇ ಸೆಟ್ಟಿಂಗಿನಲ್ಲಿ ಮತ್ತೆ ಮತ್ತೆ ಚಿತ್ರ ತೆಗೆದಾಗಲೂ ಮೂಳೆಯ ಬೂದು ಮೌಲ್ಯ (ಚಿತ್ರದಲ್ಲಿ ಅದು ಎಷ್ಟು ಬಿಳಿ, ಎಷ್ಟು ಕಪ್ಪು ಎಂಬ ಸಂಖ್ಯೆ) ಬದಲಾಗುತ್ತಲೇ ಇತ್ತು. ಕಾರಣದ ಒಂದು ಭಾಗ ಟ್ಯೂಬಿನಲ್ಲೇ ಇತ್ತು. ಹಳೆಯ ಎಸಿ ಟ್ಯೂಬುಗಳು 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 50 ಬಾರಿ ಮಿಡಿಯುತ್ತವೆ; ಅಂದರೆ 0.08 ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ ಇರುವುದು ನಾಲ್ಕೇ ಮಿಡಿತ. ಸೆನ್ಸರ್ ಸೂಕ್ಷ್ಮವಾಗಿದೆ ಎಂದು ಸಮಯ ಇಳಿಸಿದಷ್ಟೂ ಆ ನಾಲ್ಕರಲ್ಲಿ ಒಂದು ದುರ್ಬಲವಾದರೆ ಆಗುವ ನಷ್ಟ ದೊಡ್ಡದಾಗುತ್ತದೆ. ಹೀಗೆ ಮಿಡಿಯದೆ ಒಂದೇ ಸಮನೆ ಕಿರಣ ಕೊಡುವ ಡಿಸಿ ಟ್ಯೂಬ್ ಕೊಳ್ಳಿ ಎಂಬ ಸಲಹೆ ಬಂತು, ಹಣವಿರಲಿಲ್ಲ. ಹಣವಿದ್ದರೂ ಅರ್ಧ ಸಮಸ್ಯೆ ಮಾತ್ರ ತೀರುತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ಉಳಿದ ಅರ್ಧ ಇದ್ದದ್ದು ತಂತ್ರಾಂಶದಲ್ಲಿ. ಅದೇ ಒಣ ದವಡೆಯ ಚಿತ್ರದ ಒಂದು ಅಂಚಿಗೆ ಸ್ಟೀಲ್ ಕ್ರೌನ್ (ಹಲ್ಲಿಗೆ ತೊಡಿಸುವ ಕವಚ) ಒಂದನ್ನು ಇಟ್ಟು, ಬೇರೇನನ್ನೂ ಮುಟ್ಟದೆ ಮತ್ತೊಮ್ಮೆ ಚಿತ್ರ ತೆಗೆದೆ. ಕ್ರೌನಿನಿಂದ ದೂರದಲ್ಲಿದ್ದ, ನೆರಳೇ ಬೀಳದ ಮೂಳೆಯ ಬೂದು ಮೌಲ್ಯ 256ರ ಅಳತೆಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜಿಗಿಯಿತು. ಕಣ್ಣಿಗೆ ಚಿತ್ರ ಚೆನ್ನಾಗಿ ಕಾಣಲಿ ಎಂದು ತಂತ್ರಾಂಶವು ಪ್ರತಿ ಚಿತ್ರದ ಅತಿ ಬಿಳಿ ಮತ್ತು ಅತಿ ಕಪ್ಪು ಭಾಗಗಳನ್ನು ನೋಡಿ ಇಡೀ ಚಿತ್ರದ ಕಾಂಟ್ರಾಸ್ಟನ್ನು ತಾನೇ ಎಳೆದು ಹೊಂದಿಸುತ್ತದೆ. ಹೀಗಿರುವಾಗ ಮೊದಲ ಭೇಟಿಯಲ್ಲಿ ಬರಿಯ ಹಲ್ಲಿದ್ದು ಮುಂದಿನ ಭೇಟಿಗೆ ಪಕ್ಕದ ಹಲ್ಲಿಗೆ ಕ್ರೌನ್ ಬಂದಿದ್ದರೆ, ಮೂಳೆ ತುಂಬಿಕೊಂಡಿದೆ ಅಥವಾ ಕರಗಿದೆ ಎಂದು ನಾವು ಬರೆಯುವ ಮಾತಿಗೆ ಬೆಲೆಯೇ ಇಲ್ಲ. ಈ ಎರಡು ಚಿತ್ರಗಳನ್ನು ವಿಭಾಗದ ಸಭೆಯಲ್ಲಿ ಅಕ್ಕಪಕ್ಕ ತೋರಿಸಿದ ಮೇಲೆ ಅನುಮಾನಿಸುತ್ತಿದ್ದವರ ಸ್ವರ ಸ್ವಲ್ಪ ತಗ್ಗಿತು.

ಅಲ್ಲಿಂದ ನನ್ನ ನಿಲುವು ಸ್ಪಷ್ಟವಾಯಿತು. ಹೋಲಿಕೆಯ ಮಾನದಂಡ ಗೋಡೆಯ ಮೇಲಿನ ಹಾಳೆಯಲ್ಲಿ ಇದ್ದರೆ ಸಾಲದು, ಪ್ರತಿ ಚಿತ್ರದ ಒಳಗೇ ಇರಬೇಕು. ಯಾವ ದಿನ, ಯಾವ ಟ್ಯೂಬಿನಲ್ಲಿ, ಯಾರ ಕೈಯಲ್ಲಿ ತೆಗೆದರೂ ಆ ಚಿತ್ರ ತನ್ನ ಸಾಕ್ಷಿಯನ್ನು ತಾನೇ ಹೊತ್ತು ಬರಬೇಕು. ಅದಕ್ಕಾಗಿ ಹೋಲ್ಡರಿನ ಅಂಚಿಗೆ ಬೂದು ಮೌಲ್ಯವನ್ನು ಹೋಲಿಸಲು ಅಲ್ಯುಮಿನಿಯಂ ಸ್ಟೆಪ್ ವೆಡ್ಜನ್ನೂ (ದಪ್ಪ ಮೆಟ್ಟಿಲು ಮೆಟ್ಟಿಲಾಗಿ ಏರುವ ತುಂಡು), ಉದ್ದ ಅಳೆಯಲು, ಹಲ್ಲು ನೇರ ಮಾಡಲು ಬಳಸುವ ಆರ್ಥೊ ತಂತಿಯ ಉದ್ದ ತಿಳಿದಿರುವ ಒಂದು ತುಂಡನ್ನೂ ಶಾಶ್ವತವಾಗಿ ಅಂಟಿಸಿದೆವು. ವೆಡ್ಜಿನಲ್ಲಿ ಒಂದೊಂದು ಮಿಲಿಮೀಟರಿನಂತೆ ಏರುವ ಆರೇಳು ಮೆಟ್ಟಿಲುಗಳು, ಒಟ್ಟು ಅಗಲ ನಾಲ್ಕು ಮಿಲಿಮೀಟರಿಗಿಂತ ಕಡಿಮೆ. ಮೊದಲ ವೆಡ್ಜುಗಳನ್ನು ಲೇತ್ ಅಂಗಡಿಯಲ್ಲಿ ಉಳಿದಿದ್ದ ತುಂಡಿನಿಂದ ಮಾಡಿಸಿದ್ದರಿಂದ ಖರ್ಚು ಏನೂ ಆಗಲಿಲ್ಲ, ಫಲವೂ ಅಷ್ಟೇ ಆಯಿತು. ಯಂತ್ರಭಾಗಗಳಿಗೆ ಬಳಸುವ ಗಟ್ಟಿ ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಶೇ. 4ರಷ್ಟು ತಾಮ್ರ ಇರುವುದುಂಟು, ತಾಮ್ರವು ಕಿರಣಗಳನ್ನು ಹೆಚ್ಚು ಹೀರುತ್ತದೆ, ಹಾಗಾಗಿ ಒಂದು ತುಂಡಿನ ಮೂರನೇ ಮೆಟ್ಟಿಲು ಇನ್ನೊಂದು ತುಂಡಿನ ನಾಲ್ಕನೆಯದಕ್ಕೆ ಸಮವಾಗಿ ಕಾಣುತ್ತಿತ್ತು. ಫಿಲ್ಲಿಂಗ್ ರೆಸಿನ್‌ಗಳ ರೇಡಿಯೋಒಪ್ಯಾಸಿಟಿ (ಎಕ್ಸ್-ರೇ ತಡೆಯುವ ಗುಣ) ಪರೀಕ್ಷೆಗೆ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 4049 ಕೇಳುವುದು ಕನಿಷ್ಠ ಶೇ. 98 ಶುದ್ಧವಾದ, ತಾಮ್ರ ಶೇ. 0.1ಕ್ಕಿಂತ ಕಡಿಮೆ ಇರುವ ಅಲ್ಯುಮಿನಿಯಂ. ಅದೇ ಮಟ್ಟದ ಹಲಗೆಯನ್ನು ಪ್ರಮಾಣಪತ್ರದೊಂದಿಗೆ ತರಿಸಿ, ಒಂದೇ ಹಲಗೆಯಿಂದ ಎಲ್ಲ ವೆಡ್ಜುಗಳನ್ನೂ ಕತ್ತರಿಸಿಕೊಂಡ ಮೇಲೆ ಆ ತಕರಾರು ನಿಂತಿತು. ಇಡೀ ಕೆಲಸದಲ್ಲಿ ಹಣ ಕೊಟ್ಟು ಮಾಡಿಸಿದ ಭಾಗ ಬಹುಮಟ್ಟಿಗೆ ಇದೊಂದೇ, ಅದೂ ಒಂದು ಹೊಸ ಸೆನ್ಸರಿನ ಬೆಲೆಯ ಇಪ್ಪತ್ತರಲ್ಲಿ ಒಂದು ಪಾಲನ್ನೂ ಮುಟ್ಟಲಿಲ್ಲ.

ಕೋನದ ಸಮಸ್ಯೆ ಇದಕ್ಕಿಂತ ಹಟಮಾರಿ. ಎಡಬಲಕ್ಕೆ ಸ್ವಲ್ಪ ಜರುಗಿದ ಚಿತ್ರವನ್ನು ಕಂಪ್ಯೂಟರಿನಲ್ಲಿ ಜರುಗಿಸಿ ಸರಿಪಡಿಸಬಹುದು, ತಿರುಗಿದ್ದನ್ನು ತಿರುಗಿಸಬಹುದು; ಆದರೆ ಕಿರಣವೇ ಬೇರೆ ಕೋನದಲ್ಲಿ ಬಂದಿದ್ದರೆ ಕೆನ್ನೆಯ ಕಡೆಯ ಮೂಳೆಯ ಅಂಚು ಮತ್ತು ನಾಲಿಗೆಯ ಕಡೆಯ ಅಂಚು ಬೇರೆ ಬೇರೆ ದೂರಕ್ಕೆ ಸರಿದಿರುತ್ತವೆ, ಅದನ್ನು ಯಾವ ತಂತ್ರಾಂಶವೂ ಮರಳಿ ಕೂಡಿಸಲಾರದು. ನಮ್ಮ ಲೆಕ್ಕದಲ್ಲಿ ಎರಡು ಮೂರು ಡಿಗ್ರಿ ದಾಟಿದರೆ ಆ ಜೋಡಿ ಕೈಬಿಟ್ಟಂತೆಯೇ. ಹೀಗಾಗಿ ಪ್ರತಿ ರೋಗಿಗೂ ಅವರದೇ ಬೈಟ್ ಬ್ಲಾಕ್ (ಹೋಲ್ಡರಿನ ಮೇಲೆ ಕೂರುವ, ಹಲ್ಲಿನ ಅಚ್ಚಿರುವ, ಕಚ್ಚಿ ಹಿಡಿಯುವ ತುಂಡು) ಬೇಕಾಯಿತು. ಮೊದಲು ಬಿಸಿ ಮಾಡದೆ ಗಟ್ಟಿಯಾಗುವ ಕೋಲ್ಡ್ ಕ್ಯೂರ್ ಅಕ್ರಿಲಿಕ್ ಬಳಸಿದೆವು, ಆದರೆ ಕ್ರಿಮಿಶುದ್ಧಿಯ ಬಿಸಿ ಆವಿಯ ಆಟೋಕ್ಲೇವಿನಿಂದ ಹೊರಬಂದ ಬ್ಲಾಕು ಎರಡನೇ ಭೇಟಿಯಲ್ಲಿ ಅದೇ ಹಲ್ಲಿನ ಮೇಲೆ ಕೂರದೆ ಅಲುಗಾಡುತ್ತಿತ್ತು. ನಂತರ ಅಗ್ಗವೆಂದು ಹಲ್ಲಿನ ಅಚ್ಚು ತೆಗೆಯಲು ಬಳಸುವ ಕಂಡೆನ್ಸೇಷನ್ ಸಿಲಿಕೋನ್ ಪುಟ್ಟಿಗೆ ಹೋದೆವು. ಅದು ಗಟ್ಟಿಯಾಗುವಾಗ ಹೊರಬಿಡುವ ಆಲ್ಕೋಹಾಲ್ ಆರುತ್ತಾ ಹೋದಂತೆ ಅಚ್ಚು ಕುಗ್ಗುತ್ತದೆ. ಅಚ್ಚು ತೆಗೆದು ಕೂಡಲೇ ಅದರೊಳಗೆ ಪ್ಲಾಸ್ಟರ್ ಸುರಿದು ಮಾದರಿ ಮಾಡುವವರಿಗೆ ಇದು ತೊಂದರೆ ಕೊಡುವುದಿಲ್ಲ, ಆರು ತಿಂಗಳು ಚೀಲದಲ್ಲಿಡುವ ನಮಗೆ ಕೊಟ್ಟಿತು. ಕೊನೆಗೆ ನಿಂತದ್ದು ಹೀಗೆ ಆಲ್ಕೋಹಾಲ್ ಹೊರಬಿಡದ ಅಡಿಷನ್ ಸಿಲಿಕೋನ್ ಪುಟ್ಟಿ.

ಅದನ್ನು ಕಲಸುವಾಗ ಲೇಟೆಕ್ಸ್ ಗ್ಲೌಸ್ ಹಾಕಬಾರದೆಂಬುದು ಎಲ್ಲರಿಗೂ ಗೊತ್ತಿರುವ ವಿಷಯವೇ, ಆದರೂ ಎಕ್ಸ್-ರೇ ಕೋಣೆಯಲ್ಲಿ ಇಟ್ಟಿರುವ ಡಬ್ಬಿ ಲೇಟೆಕ್ಸಿನದೇ ಆಗಿದ್ದರೆ ಅವಸರದಲ್ಲಿ ಅದೇ ಕೈಗೆ ಬರುತ್ತದೆ. ಲೇಟೆಕ್ಸಿನಲ್ಲಿರುವ ಗಂಧಕದ ಅಂಶ ತಗುಲಿದ ಮೇಲ್ಮೈ ಜಿಗುಟಾಗಿಯೇ ಉಳಿದು, ಬ್ಲಾಕನ್ನು ತೆಗೆಯುವಾಗ ಹಲ್ಲಿನ ಗುರುತು ಎಳೆದು ಹೋಗುತ್ತದೆ. ಆ ಡಬ್ಬಿಯನ್ನೇ ಕೋಣೆಯಿಂದ ತೆಗೆಸಿ ನೈಟ್ರೈಲ್ ಇರಿಸಿದೆವು. ಅಚ್ಚು ಕೂರುವುದು ಪರೀಕ್ಷಿಸಬೇಕಾದ ಹಲ್ಲಿನ ಮೇಲಷ್ಟೇ ಆಗಿರಬಾರದು, ಅಕ್ಕಪಕ್ಕದ, ಮುಂದೆ ಚಿಕಿತ್ಸೆ ನಡೆಯುವ ಸಂಭವವಿಲ್ಲದ ಹಲ್ಲುಗಳ ಮೇಲೂ ಹರಡಿರಬೇಕು. ಇಲ್ಲವಾದರೆ ಆರ್‌ಸಿಟಿ (ಬೇರಿನ ನಾಳದ ಚಿಕಿತ್ಸೆ) ಮುಗಿದು ಕ್ರೌನ್ ಬಂದ ದಿನವೇ ಆ ಬ್ಲಾಕು ಕಸದ ಬುಟ್ಟಿಗೆ. ಬ್ಲಾಕನ್ನು ಹೋಲ್ಡರಿಗೆ ಮತ್ತೆ ಅದೇ ಜಾಗದಲ್ಲಿ ಕೂರಿಸಲು ಎರಡು ಸಣ್ಣ ತೋಡುಗಳನ್ನು ಕೊರೆದುಕೊಂಡಿದ್ದೇವೆ, ಉಂಗುರ ಮತ್ತು ಕಿರಣವನ್ನು ಆಯತಾಕಾರಕ್ಕೆ ಸೀಮಿತಗೊಳಿಸುವ ಕಾಲಿಮೇಟರಿನ ನಡುವೆ ಅಲುಗಾಟ ಉಳಿಯದಂತೆ ಒಂದು ಬಿಗಿತದ ವ್ಯವಸ್ಥೆಯನ್ನೂ ಮಾಡಿದ್ದೇವೆ. ಆ ಬಿಗಿತ ಹೇಗೆ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ತಂತ್ರಜ್ಞರ ಕೈಚಳಕ, ಅವರ ಹೆಸರಿನಲ್ಲೇ ಹೊರಬರಲಿ. ಇದೆಲ್ಲ ಸೇರಿ ಒಬ್ಬ ರೋಗಿಗೆ ಮೊದಲ ಭೇಟಿಯಲ್ಲಿ ಹೆಚ್ಚುವರಿ ಏಳೆಂಟು ನಿಮಿಷ ಹಿಡಿಯುತ್ತದೆ, ಮುಂದಿನ ಭೇಟಿಗಳಲ್ಲಿ ಮಾಮೂಲಿಗಿಂತ ಬೇಗ ಮುಗಿಯುತ್ತದೆ.

ನಡುವೆ ಪಿಎಸ್‌ಪಿ ಪ್ಲೇಟುಗಳ (ಸೆನ್ಸರಿನ ಬದಲು ಬಳಸಿ, ಆಮೇಲೆ ಸ್ಕ್ಯಾನರಿನಲ್ಲಿ ಓದಿಸುವ ತೆಳು ಪ್ಲೇಟುಗಳ) ಮೇಲೂ ಒಂದು ಸಣ್ಣ ಪ್ರಯೋಗ ನಡೆಯಿತು. ಸೆನ್ಸರಿನ ದಪ್ಪ ತಾಳಲಾರದ ರೋಗಿಗಳಿಗೆ ಪ್ಲೇಟು ಹಿತವಾದ್ದರಿಂದ ಅದನ್ನೂ ಈ ಪದ್ಧತಿಗೆ ತರಬೇಕೆಂಬ ಆಸೆಯಿತ್ತು. ಒಂದೇ ವೆಡ್ಜನ್ನು ಹಲವು ಪ್ಲೇಟುಗಳ ಮೇಲೆ ಎಕ್ಸ್‌ಪೋಸ್ ಮಾಡಿ, ಕೆಲವನ್ನು ಕೂಡಲೇ ಸ್ಕ್ಯಾನ್ ಮಾಡಿ, ಕೆಲವನ್ನು ಕಪ್ಪು ಲಕೋಟೆಯಲ್ಲಿ, ಇನ್ನು ಕೆಲವನ್ನು ಟ್ಯೂಬ್‌ಲೈಟಿನ ಕೆಳಗೆ ಬಿಟ್ಟು ನೋಡಿದೆ. ಲಕೋಟೆಯಲ್ಲಿದ್ದವು ಅರ್ಧ ಗಂಟೆಯವರೆಗೂ ಹೆಚ್ಚು ಕೆಡಲಿಲ್ಲ. ಬೆಳಕಿಗೆ ಬಿದ್ದವುಗಳಲ್ಲಿ ಕೆಲವೇ ನಿಮಿಷಗಳಲ್ಲಿ ತೆಳು ಮೆಟ್ಟಿಲುಗಳಿಗೂ ದಪ್ಪ ಮೆಟ್ಟಿಲುಗಳಿಗೂ ನಡುವಿನ ಅಂತರವೇ ಅಳಿಯತೊಡಗಿತ್ತು. ಹಲ್ಲು ಕಚ್ಚಿ ಗೀರಿದ ಪ್ಲೇಟುಗಳ ಕಥೆ ಬೇರೆ, ಆ ಗೀರುಗಳು ಸಬ್‌ಟ್ರ್ಯಾಕ್ಷನ್ನಿನಲ್ಲಿ ಹೊಸ ಮುರಿತಗಳಂತೆ ಕಾಣುತ್ತವೆ. ಸಂಶೋಧನೆಯ ಸರಣಿಯಿಂದ ಪ್ಲೇಟುಗಳನ್ನು ಕೈಬಿಟ್ಟೆವು, ಚಿಕಿತ್ಸೆಗೆ ಬಳಸುತ್ತಲೇ ಇದ್ದೇವೆ.

ಇನ್ನೊಂದು ಪ್ರಯೋಗ ಕುತೂಹಲಕ್ಕೆ ಮಾಡಿದ್ದು. ಮೂಳೆಯ ಒಳಗಿನ ಸ್ಪಂಜಿನಂಥ ಭಾಗದಲ್ಲಷ್ಟೇ ಆದ ನಷ್ಟ ಸಾಮಾನ್ಯ ಐಓಪಿಎಯಲ್ಲಿ ಕಾಣದು, ಹೊರಗಿನ ಗಟ್ಟಿ ಪದರಕ್ಕೆ ಪೆಟ್ಟು ಬಿದ್ದಾಗಲೇ ಕಾಣುವುದು ಎಂದು 1961ರಲ್ಲೇ ಬೆಂಡರ್ ಮತ್ತು ಸೆಲ್ಟ್ಜರ್ ತೋರಿಸಿದ್ದರು. ಒಣ ದವಡೆಯ ಹಲ್ಲನ್ನು ಕಳಚಿ, ಸಾಕೆಟ್ಟಿನ ತಳದಲ್ಲಿ ಗುಂಡು ಬರ್‌ನಿಂದ (ಹಲ್ಲು ಕೊರೆಯುವ ಮೊನೆಯಿಂದ) ಒಂದು ಕುಳಿ ಕೊರೆದು, ಹಲ್ಲನ್ನು ಮರಳಿ ಕೂರಿಸಿದೆ. ಮೃದು ಅಂಗಾಂಶದ ಬದಲಿಗೆ ಮುಂದೆ ಮೇಣದ ಹಾಳೆಗಳಿದ್ದವು. ಚಿತ್ರ ನೋಡಿದ ಯಾರೂ ಕುಳಿ ಇದೆ ಎಂದು ಹೇಳಲಿಲ್ಲ, ಕೊರೆಯುವ ಮೊದಲಿನ ಮತ್ತು ನಂತರದ ಚಿತ್ರಗಳ ಸಬ್‌ಟ್ರ್ಯಾಕ್ಷನ್ನಿನಲ್ಲಿ ಅದು ಕಪ್ಪು ಚುಕ್ಕೆಯಾಗಿ ಬಂತು. ಪ್ರಾಯೋಗಿಕ ಉಪಯೋಗಕ್ಕಿಂತ ಹೆಚ್ಚಾಗಿ, ಅಲ್ಲಿಯವರೆಗೆ ನಗುತ್ತಿದ್ದವರಿಗೆ ತೋರಿಸಲು ಇದು ಒದಗಿತು ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಫೈಲುಗಳ ವಿಷಯದಲ್ಲಿ ಒಂದೇ ಹಟ ಹಿಡಿದೆವು. ಚಿತ್ರ ಸೆನ್ಸರಿನಿಂದ ಬಂದಂತೆಯೇ, ಅಂಚು ಚೂಪಾಗಿಸುವ ಶಾರ್ಪನಿಂಗ್ ಮತ್ತು ಹೊಳಪು ಹೊಂದಿಸುವ ಗಾಮಾ ಹಾಕುವ ಮೊದಲು, ಹೊರಬರಬೇಕು. ಸೆನ್ಸರ್ 12 ಬಿಟ್‌ನಲ್ಲಿ 4096 ಮಟ್ಟಗಳನ್ನು ಕೊಡುತ್ತಿರುವಾಗ ಅದನ್ನು 8 ಬಿಟ್‌ನ ಜೆಪೆಗ್ಗಿಗೆ ಇಳಿಸಿ 256ಕ್ಕೆ ಒತ್ತುವುದರಲ್ಲಿ ಅರ್ಥವಿಲ್ಲ. ತಂತ್ರಾಂಶದ ಮೆನುವಿನಲ್ಲಿ ಅಂಥ ಆಯ್ಕೆ ಕಾಣಿಸಲಿಲ್ಲ. ಎಲ್ಲಿ ಅಡಗಿತ್ತು ಎಂಬುದು ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಹೇಳಿ ಪ್ರಯೋಜನವಿಲ್ಲ, ಸರ್ವಿಸ್ ಎಂಜಿನಿಯರನ್ನು ಬಿಡದೆ ಕೇಳಬೇಕು. ವೈದ್ಯಕೀಯ ಚಿತ್ರಗಳ ಫೈಲ್ ರೂಪವಾದ ಡೈಕಾಮ್ ಆಗಿ ಉಳಿಸಿದರೆ ಎಲ್ಲವೂ ದಾಖಲಾಗುತ್ತದೆ ಎಂಬ ನಂಬಿಕೆಯೂ ಹುಸಿಯಾಯಿತು. ನಮ್ಮ ಫೈಲುಗಳಲ್ಲಿ ಕೆವಿ ಮತ್ತು ಎಕ್ಸ್‌ಪೋಷರ್ ಸಮಯದ ಜಾಗಗಳು ಖಾಲಿಯಾಗಿದ್ದವು, ಏಕೆಂದರೆ ಗೋಡೆಯ ಮೇಲಿನ ಟ್ಯೂಬಿಗೂ ಕಂಪ್ಯೂಟರಿಗೆ ಜೋಡಿಸಿದ ಸೆನ್ಸರಿಗೂ ಮಾತುಕತೆಯೇ ಇರಲಿಲ್ಲ. ಚಿತ್ರದೊಳಗಿನ ವೆಡ್ಜ್ ಇಲ್ಲದಿದ್ದರೆ ಎಷ್ಟು ಕಿರಣ ಬಿತ್ತು ಎಂಬುದಕ್ಕೆ ಯಾವ ದಾಖಲೆಯೂ ಇರುತ್ತಿರಲಿಲ್ಲ. ಹಲ್ಲಿನ ಸಂಖ್ಯೆಯನ್ನು ಐಎಸ್‌ಒ 3950ರ ಎರಡಂಕಿ ಪದ್ಧತಿಯಲ್ಲೇ ನಮೂದಿಸಬೇಕೆಂದು ಕಟ್ಟುನಿಟ್ಟು ಮಾಡಿದ್ದರಿಂದ ಹಳೆಯ ಚಿತ್ರಗಳನ್ನು ಹುಡುಕುವ ಗೋಳು ತಪ್ಪಿತು.

ಚಿತ್ರ ಎಷ್ಟೇ ಸಮನಾದರೂ ಓದುವ ಕಣ್ಣುಗಳು ಸಮನಾಗದಿದ್ದರೆ ಪ್ರಯೋಜನವಿಲ್ಲ. ಬೇರಿನ ತುದಿಯ ಸ್ಥಿತಿಗೆ 1986ರ ಪಿಎಐ (ಪೆರಿಏಪಿಕಲ್ ಇಂಡೆಕ್ಸ್) ಅಂಕಗಳನ್ನೇ, ಅಂದರೆ 1 (ಆರೋಗ್ಯಕರ) ರಿಂದ 5 (ತೀವ್ರ) ರವರೆಗಿನ ಪಟ್ಟಿಯನ್ನೇ, ಇಟ್ಟುಕೊಂಡೆವು. ಇಬ್ಬರು ಓದುಗರ ಮೊದಲ ಸುತ್ತಿನ ಕಪ್ಪಾ (ಪರಸ್ಪರ ಒಪ್ಪಿಗೆಯ ಅಳತೆ; ಪೂರ್ಣ ಒಪ್ಪಿಗೆಗೆ 1) 0.5ರ ಆಸುಪಾಸಿನಲ್ಲಿತ್ತು. ಜಗಳ ಮುಖ್ಯವಾಗಿ 2 ಮತ್ತು 3ರ ನಡುವೆ. ಬೆಳಕು ತಗ್ಗಿಸಿದ ಒಂದೇ ಕೋಣೆ, ಒಂದೇ ಮಾನಿಟರ್, ಓದುವ ಮೊದಲು ಉಲ್ಲೇಖ ಚಿತ್ರಗಳ ಮೇಲೆ ಕಣ್ಣಾಡಿಸುವುದು ಮತ್ತು ಒಂದೇ ಬಾರಿಗೆ ನಲವತ್ತಕ್ಕಿಂತ ಹೆಚ್ಚು ಚಿತ್ರಗಳನ್ನು ಓದದಿರುವುದು, ಇಷ್ಟರಿಂದಲೇ ಅದು 0.8ರ ಹತ್ತಿರ ಬಂತು. ಮೂಳೆಯ ಮಟ್ಟವನ್ನು ಸಿಇಜೆಯಿಂದ (ಹಲ್ಲಿನ ಎನಾಮಲ್ ಮುಗಿದು ಬೇರು ಶುರುವಾಗುವ ಗೆರೆಯಿಂದ) ಅಳೆಯುವಾಗ ಇಬ್ಬರ ಅಳತೆಗಳ ಕೊರಿಲೇಷನ್ ಚೆನ್ನಾಗಿದೆ ಎಂದು ಬೀಗುವವರಿಗೆ, ಅಳತೆಗಳ ನಡುವಿನ ವ್ಯತ್ಯಾಸವನ್ನೇ ತೋರಿಸುವ ಬ್ಲಾಂಡ್-ಆಲ್ಟ್‌ಮನ್ ನಕ್ಷೆ ಹಾಕಿ ನೋಡಲು ಹೇಳುತ್ತೇನೆ: ಒಬ್ಬ ಓದುಗ ಸದಾ ಅರ್ಧ ಮಿಲಿಮೀಟರ್ ಹೆಚ್ಚು ಅಳೆಯುತ್ತಿದ್ದರೂ ಕೊರಿಲೇಷನ್ ಅದನ್ನು ಹೇಳುವುದಿಲ್ಲ.

ಸಂಶೋಧನೆಗೆಂದು ಒಂದೇ ಒಂದು ಹೆಚ್ಚುವರಿ ಎಕ್ಸ್‌ಪೋಷರನ್ನೂ ಕೊಡಲಿಲ್ಲ, ಚಿಕಿತ್ಸೆಯ ಫಾಲೋ-ಅಪ್‌ಗೆ ಹೇಗೂ ಬೇಕಿದ್ದ ಚಿತ್ರಗಳನ್ನಷ್ಟೇ ಬಳಸಿದೆವು. ಕಾಲಿಮೇಟರ್ ಹೋಲ್ಡರಿಗೆ ಬಿಗಿಯಾಗಿ ಕೂರುವುದರಿಂದ ಕೋನ್ ಕಟ್ (ಕಿರಣದ ಗುರಿ ತಪ್ಪಿ ಚಿತ್ರದ ಒಂದು ಭಾಗ ಖಾಲಿ ಉಳಿಯುವುದು) ಬಹುತೇಕ ನಿಂತಿದೆ, ಮರುಚಿತ್ರಗಳು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿವೆ. ಆರು ಸೆಂಟಿಮೀಟರ್ ವ್ಯಾಸದ ದುಂಡು ಕಿರಣ ಚರ್ಮದ ಮೇಲೆ 28 ಚದರ ಸೆಂಟಿಮೀಟರ್ ಆವರಿಸಿದರೆ ನಮ್ಮ ಆಯತ ಹೆಚ್ಚುಕಡಿಮೆ ಅದರ ಅರ್ಧದಷ್ಟನ್ನು ಮಾತ್ರ ಆವರಿಸುತ್ತದೆ. ಆಡಳಿತದವರಿಗೆ ಸಬ್‌ಟ್ರ್ಯಾಕ್ಷನ್ ಚಿತ್ರಗಳಿಗಿಂತ ಮನವರಿಕೆಯಾದದ್ದು ಈ ಮರುಚಿತ್ರಗಳ ಲೆಕ್ಕವೇ. ಪುಟ್ಟಿಯ ಖರ್ಚನ್ನು ಆಮೇಲೆ ಅವರೇ ಮಂಜೂರು ಮಾಡಿದರು.

ಮೇಲ್ದವಡೆಯ ಹಿಂಬದಿಯಲ್ಲಿ ಮಾತ್ರ ನಾವಿನ್ನೂ ಗೆದ್ದಿಲ್ಲ. ಅಂಗುಳ ಆಳವಿಲ್ಲದವರಲ್ಲಿ ಸೆನ್ಸರ್ ಓರೆಯಾಗುತ್ತದೆ, ಕೆನ್ನೆಯ ಮೂಳೆಯ ನೆರಳು ಬೇರುಗಳ ಮೇಲೆ ಬೀಳುತ್ತದೆ, ವೆಡ್ಜಿಗೆ ಜಾಗವೇ ಉಳಿಯುವುದಿಲ್ಲ. ಅಂಥ ಹಲ್ಲುಗಳಲ್ಲಿ ತಂತಿಯ ಆಧಾರದ ಮೇಲೆ ಉದ್ದವನ್ನಷ್ಟೇ ಅಳೆದು, ಸಾಂದ್ರತೆಯ ಹೋಲಿಕೆಯಿಂದ ಅವುಗಳನ್ನು ಹೊರಗಿಡಬೇಕೆಂದು ಪ್ರೋಟೋಕಾಲಿನಲ್ಲಿಯೇ ಬರೆದಿದ್ದೇವೆ. ಮೇಲಿನ ಎರಡನೇ ಮೋಲಾರಿಗೆ (ದವಡೆ ಹಲ್ಲಿಗೆ) ಒಂದನೇ ಅಳತೆಯ ಚಿಕ್ಕ ಸೆನ್ಸರನ್ನು ನೆಟ್ಟಗೆ ನಿಲ್ಲಿಸಿ ತೆಗೆಯುವ ಪ್ರಯತ್ನ ಈಗ ನಡೆಯುತ್ತಿದೆ. ಈ ಪ್ರಯತ್ನದಲ್ಲಿ ಇಲ್ಲಿಯವರೆಗೆ ತೆಗೆದ ಜೋಡಿಗಳಲ್ಲಿ ಅರ್ಧದಷ್ಟು ಮಾತ್ರ ಮೂರು ಡಿಗ್ರಿಯ ಒಳಗೆ ಬಂದಿವೆ.